ಅಕ್ಕನ ಗುಳಿಗೆ, ನನ್ನ ತರ್ಕ

ಜೇವರ್ಗಿಯ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ಜನ ಮಾತಿಗೆ ಮಾತು ಬೆಳೆಸುವಾಗ ಎಲ್ಲೆಲ್ಲಿ ತಪ್ಪುತ್ತಾರೆ ಎಂದು ತೋರಿಸಿಕೊಡುವುದು ನನ್ನ ಕೆಲಸ. ಅದು ಚಟವೂ ಆಗಿತ್ತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಯಾರು ಏನೇ ಅಂದರೂ ನಡುವೆ ಬಾಯಿ ಹಾಕುತ್ತಿದ್ದೆ. ನನಗೆ ಎದುರು ನಿಂತು ವಾದಿಸುತ್ತಿದ್ದವಳು ಅಕ್ಕ ಒಬ್ಬಳೇ.

ಅವಳನ್ನು ಆಳಂದ ತಾಲ್ಲೂಕಿನ ಮಟಕಿಗೆ ಕೊಟ್ಟಿತ್ತು. ಹೊಲದ ಕೆಲಸ ಮುಗಿಸಿ ಬಂದು ಊರಿನವರ ಜಂಪರು ಹೊಲಿಯುತ್ತಿದ್ದಳು. ಹೊಲಿಯುತ್ತಲೇ ನನಗೆ ಫೋನ್ ಹಚ್ಚುತ್ತಿದ್ದಳು. ಮಷಿನ್ನಿನ ಸದ್ದಿನ ನಡುವೆ ನಮ್ಮ ಜಗಳ ನಡೆಯುತ್ತಿತ್ತು.

ಹೋದ ವರ್ಷ ಡಾಕ್ಟರು ಅವಳ ಬಿಪಿ ಗುಳಿಗೆ ಬದಲಿಸಿದರು. ವಾರದೊಳಗೆ ಫೋನ್ ಬಂತು.

"ತಮ್ಮಾ, ಈ ಹೊಸ ಗುಳಗಿ ನನಗ ಒಗ್ಗವಲ್ದು. ಕುಂತಾಕಿ ಎದ್ದರ ಕಣ್ಣಿಗಿ ಕತ್ತಲಿ ಬರಾಕತ್ತದ."

"ಗುಳಗಿ ತಗೊಂಡ ಮ್ಯಾಲ ತಲಿ ತಿರಗಿತು ಅಂದ್ರ ಗುಳಗಿಂದೇ ಅಂತ ಹ್ಯಾಂಗ ಹೇಳ್ತಿ? ಕಾಗಿ ಕುಂತಿತು, ಟೊಂಗಿ ಮುರೀತು, ಅಷ್ಟ. ಬಿಸಲಾಗ ದುಡೀತಿ, ಹೊತ್ತಿಗಿ ಸರಿ ಉಣ್ಣಂಗಿಲ್ಲ."

ಅವಳು ನಕ್ಕಳು. "ನಿನ್ನ ಕೂಡ ಮಾತಿನಾಗ ಯಾರ ಗೆದ್ದಾರಪಾ," ಎಂದಳು. ಮುಂದೆ ಇನ್ನೆರಡು ಸಲ ಅದನ್ನೇ ಹೇಳಿದಳು. ಎರಡು ಸಲವೂ ನಾನೇ ಗೆದ್ದೆ. ಆಮೇಲೆ ಹೇಳುವುದನ್ನು ಬಿಟ್ಟಳು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಎದ್ದು ಬರುವಾಗ ಬಿದ್ದಳು. ಹೊಸ್ತಿಲ ಕಲ್ಲಿಗೆ ತಲೆ ಬಡಿದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಕಣ್ಣು ತೆರೆಯಲಿಲ್ಲ. ಅಲ್ಲಿನ ಡಾಕ್ಟರು ಗುಳಿಗೆಯ ಚೀಟಿ ನೋಡಿ, ಎದ್ದು ನಿಂತಾಗ ತಲೆ ತಿರುಗುತ್ತಿತ್ತೇ ಎಂದು ಕೇಳಿದರು. ಈ ಗುಳಿಗೆಯಿಂದ ಕೆಲವರಿಗೆ ಹಾಗಾಗುತ್ತದೆ, ತಿಳಿಸಿದ್ದರೆ ಪ್ರಮಾಣ ಕಡಿಮೆ ಮಾಡಬಹುದಿತ್ತು ಎಂದರು.

ಅವಳು ತಿಳಿಸಿದ್ದಳು, ನನಗೆ.

ಅಕ್ಕನ ಮಾತಿಗೆ ಪುರಾವೆ ಸಾಲದಿತ್ತು, ನಿಜ. ಪುರಾವೆ ಸಾಲದು ಎಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಹಾಗೆ ತಿಳಿಯುವುದೂ ಒಂದು ತರ್ಕದೋಷವೇ. ಅದನ್ನೂ ನಾನು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಒಂದು ಸಲ ಡಾಕ್ಟರನ್ನು ಕೇಳಿ ಬಾ ಅಕ್ಕಾ ಎನ್ನುವುದಕ್ಕೆ ಯಾವ ಶಾಸ್ತ್ರವೂ ಬೇಕಿರಲಿಲ್ಲ.

ಅಕ್ಕ ಮಣ್ಣಾದ ಮೂರನೆಯ ದಿನ ಅವಳ ಗಂಡನ ಎದುರು ಕುಳಿತು ಎಲ್ಲವನ್ನೂ ಹೇಳಿದೆ.

"ಡಾಕ್ಟರ ಕಡಿ ಹೋಗಮು ಅಂತ ನಾನೂ ಅಂದಿದ್ದೆರಿ ಮಾಸ್ತರ," ಎಂದರು ಭಾವ. "ಆಕಿ, ನನ್ನ ತಮ್ಮ ಭಾಳ ಓದ್ಯಾನ, ಗುಳಗಿದೇನೂ ಇಲ್ಲ ಅಂದಾನ, ಅಂವ ಸುಳ್ಳ ಹೇಳಂಗಿಲ್ಲ ಅಂದಳು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು ಒಳಗೆ ಹೋಗಿ, ನೆರೆಯವರು ತಂದಿಟ್ಟಿದ್ದ ರೊಟ್ಟಿ, ಪಲ್ಯ ತಟ್ಟೆಗೆ ಹಾಕಿಕೊಂಡು ಬಂದು ನನ್ನ ಮುಂದಿಟ್ಟರು.

"ಉಣ್ರಿ. ಮುಂಜಾನಿಂದ ಹಸದೀರಿ."

ರೊಟ್ಟಿ ಮುರಿದೆ.