ನಾಲಬಂದ ಹೇಳಿದ ಅರ್ಥ

ದುರ್ಗದ ಕೋಟೆಯ ಕೆಳಗಿನ ಪೇಟೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ನಾಲಬಂದ ಹಜರತ್ ಅಲಿಯ ಕೆಲಸವನ್ನು ಹೊಗಳುವವರಿದ್ದರು, ಅವನ ಬಾಯಿಯನ್ನು ಸಹಿಸುವವರು ಇರಲಿಲ್ಲ. ಹರೆಯದಲ್ಲಿ ಹತ್ತು ವರ್ಷ ಬೆಂಗಳೂರು ದಂಡಿನಲ್ಲಿ ಗೋರಾ ಸವಾರರ ಕುದುರೆ ನೋಡಿಕೊಂಡು ಬಂದಿದ್ದ. ಇಂಗ್ಲಿಷಿನ ಒಂದಕ್ಷರ ಓದಲು ಬಾರದಿದ್ದರೂ ಮಾತು ಕಿವಿಯಲ್ಲಿ ಕೂತಿತ್ತು, ಬೈಗುಳವಂತೂ ಒಂದೂ ಬಿಡದೆ. ಆ ಜಂಬ ಅವನನ್ನು ಯಾರ ಮುಂದೆಯೂ ಬಗ್ಗಗೊಡುತ್ತಿರಲಿಲ್ಲ. ಹೆಂಡತಿ ತಾಜ್ ಬೀ, 'ನಿಮ್ಮ ನಾಲಿಗೆಗೂ ಒಂದು ಲಾಳ ಹೊಡ್ಕಳ್ರಿ' ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಎಂಟರ ಸುಮಾರಿಗೆ ಹೊಸದುರ್ಗದ ಕಡೆ ಗುಡ್ಡದಲ್ಲಿ ಕರಿಗಲ್ಲು ತೆಗೆಯುವ ಒಂದು ಗಣಿ ಶುರುವಾಯಿತು. ಅಲ್ಲಿನ ದೊರೆಯ ಬಳಿ ಮೂರು ಕುದುರೆಗಳಿದ್ದವು. ತಿಂಗಳಿಗೊಮ್ಮೆ ಹಜರತ್ ಅಲಿ ಸುತ್ತಿಗೆ, ಚಿಮಟ, ಲಾಳಗಳ ಚೀಲ ಹೊತ್ತು ಹೋಗಿ ಬರುತ್ತಿದ್ದ. ಕಚೇರಿಯ ರೈಟರ್ ಪಂಚಾಕ್ಷರಪ್ಪನಿಗೆ ಅವನನ್ನು ಕಂಡರಾಗದು. ದೊರೆ ಬರೆದಿಟ್ಟ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವ ಅಧಿಕಾರ ಇಡೀ ಗಣಿಯಲ್ಲಿ ಆತನೊಬ್ಬನದು. ಕುದುರೆಯ ಗೊರಸು ಕೆರೆಯುವವನು ದೊರೆಯ ಜೊತೆ ನೇರವಾಗಿ ಮಾತಾಡುತ್ತಾನೆಂಬುದೇ ಅವನಿಗೆ ಕಣ್ಣುರಿ. 'ಲದ್ದಿ ವಾಸನೆ ಬರ್ತೈತೆ, ದೂರ ಕುಂತ್ಕ' ಎಂದು ಒಮ್ಮೆ ಎಲ್ಲರೆದುರು ಅಂದಿದ್ದ. ಹಜರತ್ ಅಲಿ ಆ ಮಾತನ್ನು ಮರೆಯುವ ಪೈಕಿ ಅಲ್ಲ.

ಆ ವರ್ಷ ಶ್ರಾವಣದಲ್ಲಿ ಮೂರನೇ ಗುಂಡಿಯ ಒಂದು ಗೋಡೆ ಜರಿದು ಬಿತ್ತು. ಕೆಲಸ ಬಿಟ್ಟು ಆಳುಗಳೆಲ್ಲ ಮೇಲೆ ಬಂದಾಗಿತ್ತು. ಬಾಗೂರಿನ ಕರಿಯಣ್ಣ ಮಾತ್ರ ಕಾಣಲಿಲ್ಲ. ಅವನು ಹಾರೆ ತರಲು ವಾಪಸು ಇಳಿದದ್ದನ್ನು ನೋಡಿದವರಿಲ್ಲ. ಹಿಂದಿನ ದಿನ ಮೇಸ್ತ್ರಿಯ ಜೊತೆ ಜಗಳವಾಡಿದ್ದರಿಂದ, ಮುನಿಸಿಕೊಂಡು ಊರಿಗೆ ಹೋಗಿರಬೇಕೆಂದು ಎಲ್ಲರೂ ಅಂದುಕೊಂಡರು. ದೊರೆ ಗುಂಡಿಯನ್ನು ನೋಡಿ, ಮೇಲೆ ಬಂದವರನ್ನು ಎಣಿಸಿ, ದಫ್ತರದಲ್ಲಿ ಒಂದು ಸಾಲು ಗೀಚಿ, ಮರುದಿನ ಬೆಂಗಳೂರಿನ ರೈಲು ಹತ್ತಿದ. ಕೆಲಸ ನಾಲ್ಕನೇ ಗುಂಡಿಗೆ ಹೋಯಿತು.

ಹದಿನೈದು ದಿನವಾದರೂ ಗಂಡನ ಸುದ್ದಿ ಬಾರದೆ ಕರಿಯಣ್ಣನ ಹೆಂಡತಿ ಕೊಟ್ರಮ್ಮ ಬಾಗೂರಿನಿಂದ ನಡೆದು ಬಂದಳು. ಅಂದೇ ಹಜರತ್ ಅಲಿ ಕಚೇರಿಯ ಮುಂದಿನ ಹುಣಸೆಮರದಡಿ ದೊರೆಯ ಕಂದು ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಪಂಚಾಕ್ಷರಪ್ಪ ಜಗುಲಿಯ ಮೇಲೆ ದಫ್ತರ ತೆರೆದು ಬೆರಳಿಟ್ಟು ಓದಿದ. "ಮೂರನೇ ಗುಂಡಿ. ಒಂದು ಕೈ ಹೋಗಿದೆ. ತಿಳೀತೇನಮ್ಮ? ನಿನ್ನ ಗಂಡನ ಕೈ ಕಳಚೈತೆ. ಒಂಟಿಗೈಯಾಗೆ ನಿನಗೆ ಮುಖ ತೋರ್ಸಕ್ಕೆ ನಾಚಿ ಎಲ್ಲೋ ಹೋಗ್ಯಾನೆ."

"ಕೈ ಹೋದ್ರೆ ಹೋಗ್ಲಿ ಸ್ವಾಮಿ, ನಾನು ಉಣ್ಣಿಸ್ತೀನಿ" ಎಂದಳು ಕೊಟ್ರಮ್ಮ. ಅವಳ ಮುಖ ಅರಳಿಯೇ ಬಿಟ್ಟಿತ್ತು. "ಮನುಷ್ಯ ಅದಾನಲ್ಲ! ಯಾವ ಕಡೆ ಹೋದ, ಅಷ್ಟು ಹೇಳ್ರಿ."

ಹಜರತ್ ಅಲಿ ಕುದುರೆಯ ಕಾಲನ್ನು ಕೆಳಗಿಟ್ಟ. "ರೈಟರೇ, ಕೈ ಅಂತ ಓದಿದ್ರಲ್ಲ, ಅಲ್ಲಿ ಇಂಗ್ಲಿಷಿನಾಗೆ ಏನೈತೆ?"

"ನಿನಗ್ಯಾಕೋ ಅದು?"

"ಹೇಳ್ರಿ, ಕೇಳಾಣ."

"ಹ್ಯಾಂಡ್. ಹ್ಯಾಂಡ್ ಅಂದ್ರೆ ಕೈ. ಪಾಠಶಾಲೆ ಮಕ್ಕಳಿಗೂ ಗೊತ್ತು. ಮುಚ್ಕಂಡು ಲಾಳ ಹೊಡಿ."

ಗುಂಡಿಯಿಂದ ನೀರಿಗೆ ಬಂದ ಏಳೆಂಟು ಆಳುಗಳು ಅಲ್ಲೇ ನಿಂತಿದ್ದರು. ಹಜರತ್ ಅಲಿಗೆ ಇಂಥ ದಿನ ಮತ್ತೆ ಸಿಗುವುದಿಲ್ಲವೆನಿಸಿತು. ಕುದುರೆಯ ಭುಜ ತಟ್ಟಿ ಜೋರಾಗಿ ಕೇಳಿದ:

"ಈ ಕುದುರೆ ಹದಿನಾಲ್ಕು ಹ್ಯಾಂಡ್ ಎತ್ತರ ಐತೆ. ದೊರೇನೇ ಅಳೆದು ಹೇಳಿದ್ದು. ಎಣಿಸ್ರಿ ನೋಡಾಣ, ಎಲ್ಲವೆ ಹದಿನಾಲ್ಕು ಕೈ? ನಿಮ್ಮ ಕಚೇರಿ ಗಡಿಯಾರಕ್ಕೆ ಮುಳ್ಳು ಅನ್ನೋ ಎರಡು ಹ್ಯಾಂಡ್ ಅವೆ. ಉಣ್ಣೋವಾಗ ತೊಳ್ಕಂತದೇನು ಅದು?"

ಆಳುಗಳು ಗೊಳ್ಳೆಂದು ನಕ್ಕರು. ಪಂಚಾಕ್ಷರಪ್ಪನ ಮುಖ ಕಪ್ಪಿಟ್ಟಿತು. "ಲೇ, ಹಾಗಾದ್ರೆ ನೀನೇ ಹೇಳು ಪಂಡಿತ!"

"ಹೇಳ್ತೀನಿ. ಮದುವಿ ಊಟಕ್ಕೆ ಎಷ್ಟು ತಲೆ ಅಂತ ಕೇಳ್ತೀರಲ್ಲ, ಬರೀ ತಲೆ ಉರುಳ್ಕಂಡು ಬಂದು ಉಣ್ತಾವೇನು? ನಾವು ತಲೆ ಎಣಿಸ್ತೀವಿ, ಅವರು ಕೈ ಎಣಿಸ್ತಾರೆ. ಹ್ಯಾಂಡ್ ಅಂದ್ರೆ ಆಳು. ಒಂದು ಆಳು ಹೋದ ಅಂತ ದೊರೆ ಬರ್ದಾನೆ. ಆ ಕರಿಯಣ್ಣ ಎಲ್ಲೂ ಓಡೋಗಿಲ್ಲ. ಗುಂಡಿಯಾಗೆ ಸತ್ತು ಬಿದ್ದಾನೆ!"

ಗೆದ್ದವನಂತೆ ಸುತ್ತ ನೋಡಿದ. ಯಾರೂ ನಗಲಿಲ್ಲ. ಎಲ್ಲರೂ ಅವನ ಹಿಂದೆ ನೋಡುತ್ತಿದ್ದರು. ತಿರುಗಿದರೆ ಕೊಟ್ರಮ್ಮ ಜಗುಲಿಯ ಕಂಬ ಹಿಡಿದು ನಿಧಾನವಾಗಿ ಕುಸಿಯುತ್ತಿದ್ದಳು. ಅವಳು ಅಲ್ಲಿದ್ದಾಳೆಂಬುದೇ ಹಜರತ್ ಅಲಿಗೆ ಅಷ್ಟು ಹೊತ್ತು ನೆನಪಿರಲಿಲ್ಲ.

"ಸುಳ್ಳು" ಎಂದಳು ಅವಳು, ಅವನನ್ನೇ ದುರುಗುಟ್ಟಿ. "ನಿನ್ನ ಬಾಯಿಗೆ ಮಣ್ಣು ಬೀಳ. ಓದಿದೋರು ಇದಾನೆ ಅಂತಾರೆ, ಕುದುರೆ ಕಾಲು ಹಿಡಿಯೋನು ಸತ್ತ ಅಂತೀಯ!"

"ಹಾಗೆ ಕೇಳವ್ವ! ನಾನು ಬರೆದಿದ್ದನ್ನೇ ಓದಿದೋನು" ಎಂದ ಪಂಚಾಕ್ಷರಪ್ಪ. ಆದರೆ ಮತ್ತೊಮ್ಮೆ ನೋಡದೆ ದಫ್ತರವನ್ನು ಪಟ್ಟನೆ ಮುಚ್ಚಿಟ್ಟ. ತಪ್ಪು ತಿಳಿದಿತ್ತು, ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಜವಾನರನ್ನು ಕೂಗಿ, ಕುದುರೆಗೆ ಮೊಳೆ ಚುಚ್ಚಿ ಕುಂಟು ಮಾಡಿದನೆಂದು ಹೇಳಿ, ಹಜರತ್ ಅಲಿಯನ್ನು ಹೊರಗೆ ಹಾಕಲು ಅಪ್ಪಣೆ ಕೊಟ್ಟ. ಅವರು ರಟ್ಟೆ ಹಿಡಿದು ಎಳೆದೊಯ್ದರು. ಚೀಲ ಹಿಂದಿನಿಂದ ಬಂದು ಬಿತ್ತು.

ಎಂದಿನಂತಾಗಿದ್ದರೆ ಹಜರತ್ ಅಲಿ ಬೈಯುತ್ತ ದುರ್ಗದ ದಾರಿ ಹಿಡಿಯುತ್ತಿದ್ದ. ಅಂದು ಕಾಲು ಏಳಲಿಲ್ಲ. ಬೇಲಿಯನ್ನು ಬಳಸಿಕೊಂಡು ಮೂರನೇ ಗುಂಡಿಗೆ ಇಳಿದು, ಬಿದ್ದಿದ್ದ ಒಂದು ಹಾರೆ ಎತ್ತಿಕೊಂಡು ಕಲ್ಲು ಸರಿಸತೊಡಗಿದ. ಸ್ವಲ್ಪ ಹೊತ್ತಿಗೆ ಪಾಪಣ್ಣನೆಂಬ ಆಳು ಇಳಿದು ಬಂದ, ಅವನ ಹಿಂದೆ ಉಳಿದವರು. ಪಂಚಾಕ್ಷರಪ್ಪ ಮೇಲೆ ನಿಂತು, "ಎಲ್ಲರ ಹೆಸರೂ ಬರ್ಕಂತೀನಿ" ಎಂದು ಕೂಗಿದ. "ಕೈ ಅಂತ ಬರ್ಕಳಪ್ಪ, ನಾವೇನು ಮನುಷ್ಯರಾ" ಎಂದ ಪಾಪಣ್ಣ.

ಮರುದಿನ ಮಧ್ಯಾಹ್ನಕ್ಕೆ ಕರಿಯಣ್ಣ ಸಿಕ್ಕಿದ. ಹಾರೆಯನ್ನು ಎದೆಗವಚಿಕೊಂಡೇ ಇದ್ದ. ಎರಡು ಕೈಗಳೂ ಇದ್ದವು. ಉಡಿದಾರ ನೋಡಿ ಕೊಟ್ರಮ್ಮ ಗುರುತು ಹೇಳಿದಳು.

ಅದೇ ಸಂಜೆ ಮರಳಿದ ದೊರೆ ಕುದುರೆಯ ಮೇಲಿನಿಂದಲೇ ವಿಚಾರಿಸಿದ. ಅವನಿಗೆ ಆಶ್ಚರ್ಯವಾಗಲಿಲ್ಲ. ಆಳು ಸತ್ತನೆಂದು ತಾನು ಅಂದೇ ಬರೆದಿರುವಾಗ, ಸತ್ತವನನ್ನು ತೆಗೆಯಲು ಎರಡು ದಿನ ಕೆಲಸ ಕೆಡಿಸಿದವರು ಯಾರೆಂದು ಕೇಳಿದ. ಆ ಇಂಗ್ಲಿಷು ಅಲ್ಲಿ ಹಜರತ್ ಅಲಿಗೂ ಪಂಚಾಕ್ಷರಪ್ಪನಿಗೂ ಮಾತ್ರ ತಿಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಪಂಚಾಕ್ಷರಪ್ಪ ಮೆಲ್ಲನೆ ಬೆರಳೆತ್ತಿ ಹಜರತ್ ಅಲಿಯನ್ನು ತೋರಿಸಿದ. ಗಣಿಯ ಕೆಲಸ ಅಲ್ಲಿಗೆ ತಪ್ಪಿತು.

ಬಾಗೂರಿನಲ್ಲಿ ಮಣ್ಣಾಗುವವರೆಗೂ ಹಜರತ್ ಅಲಿ ದೂರದಲ್ಲಿ ನಿಂತಿದ್ದ. ಎಲ್ಲ ಮುಗಿದ ಮೇಲೆ ಕೊಟ್ರಮ್ಮ ಅವನಿದ್ದಲ್ಲಿಗೆ ಬಂದಳು.

"ನೀ ಹೇಳಿದ್ದು ಖರೆ ಆತು" ಎಂದಳು. "ಆದ್ರೆ ನನಗೆ ಹೇಳಲಿಲ್ಲ ನೀನು. ಆ ರೈಟರಿಗೆ ಹೇಳಿದಿ. ಹೋಗು ಇನ್ನ."

ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ದುರ್ಗದ ಕಡೆ ನಡೆದ. ಮುಂದೆ ಜಟಕಾ ಕುದುರೆ, ಎತ್ತುಗಳಿಗೆ ಲಾಳ ಹೊಡೆದುಕೊಂಡೇ ಬದುಕಿದ. ಜಗಳಗಂಟತನವೇನೂ ಹೋಗಲಿಲ್ಲ. ಆದರೆ ಪೇಟೆಯಲ್ಲಿ ಯಾರಾದರೂ ಕಾಗದ ಓದಿಸಿಕೊಂಡು ಬಂದು ಇಂಗ್ಲಿಷಿನ ಮಾತಿಗೆ ಅರ್ಥ ಕೇಳಿದರೆ, ಮೊದಲು ಕಾಗದ ಯಾರದೆಂದು ವಿಚಾರಿಸುತ್ತಿದ್ದ. ಅವರನ್ನು ಹತ್ತಿರ ಕೂರಿಸಿಕೊಂಡು, ಉಳಿದವರನ್ನು ಬೈದು ಓಡಿಸಿ, ಆಮೇಲೆ ಹೇಳುತ್ತಿದ್ದ.