ನಿಲ್ಲದ ಗಾಡಿ

ಬ್ಯಾಡಗಿಯ ಕರಬಸಪ್ಪ ಸ್ಟೇಶನ್ ಮಾಸ್ತರಿಕೆಯಿಂದ ನಿವೃತ್ತನಾದರೂ ಗಾಡಿ ಕಾಯುವ ಚಟ ಅವನನ್ನು ಬಿಡಲಿಲ್ಲ. ಹಳಿಯ ಮೇಲಿನದು ಹೋಗಿ ಆಕಾಶದ್ದು ಗಂಟುಬಿತ್ತು. ಸುಮಾರು ನಲವತ್ತು ವರ್ಷದ ಹಿಂದೆ ಯಾವುದೋ ದೇಶ ಹಾರಿಸಿ, ಕೆಲಸ ಮುಗಿದೊಡನೆ ಅಲ್ಲೇ ಬಿಟ್ಟ ರಾಕೆಟ್ಟಿನ ಖಾಲಿ ಕೊಳವೆ ಅದು. ಹೊತ್ತು ಮುಳುಗಿದ ಮೇಲೆ ಚುಕ್ಕಿಯಂತೆ ಹೊಳೆಯುತ್ತ ಊರ ಮೇಲೆ ಹಾಯುತ್ತಿತ್ತು. ಕರಬಸಪ್ಪ ಮಾಳಿಗೆಯ ಮೇಲೆ ದುರ್ಬೀನು, ಸ್ಟಾಪ್‌ವಾಚು ಹಿಡಿದು ನಿಂತು, ಅದು ಯಾವ ನಕ್ಷತ್ರದ ಪಕ್ಕ ಯಾವಾಗ ದಾಟಿತೆಂದು ಹನ್ನೊಂದು ವರ್ಷ ಬರೆದ. ಬರೆದದ್ದನ್ನು ಇಂಥದೇ ಹುಚ್ಚಿನ ಪರದೇಶದ ಗೆಳೆಯರಿಗೆ ಕಳಿಸಿದ. ಎರಡು ಸೆಕೆಂಡು ಮೊದಲು ಬಂದರೂ ಅವನಿಗೆ ಗೊತ್ತಾಗುತ್ತಿತ್ತು. ಮೊದಲು ಬಂತೆಂದರೆ ಕೆಳಗಿಳಿದಿದೆ ಎಂದರ್ಥ. ಇಳಿಯುತ್ತ ಇಳಿಯುತ್ತ ಒಂದು ದಿನ ಉರಿದುಹೋಗುತ್ತದೆ.

ಹೆಂಡತಿ ಪ್ರೇಮವ್ವ ಮನೆಯಲ್ಲೇ ಖಾರದ ಪುಡಿ ಮಾಡಿ ಮಾರುವವಳು. "ನನಗೂ ಒಮ್ಮೆ ತೋರಸ್ರಿ ನಿಮ್ಮ ಗಾಡಿ" ಎನ್ನುತ್ತ ಒಂದು ಸಂಜೆ ಮೇಲೆ ಬಂದಳು. ಅವಳ ಸೀರೆಯ ಘಾಟಿಗೆ ಇವನಿಗೆ ಸೀನು ಬಂದು, ಸರಿಯಾದ ಗಳಿಗೆಗೆ ಬಟನ್ ಒತ್ತುವುದು ತಪ್ಪಿತು.

"ಘಾಟ ಹೊಡೀತೈತಿ, ಕೆಳಗ ನಡಿ. ನಾಳೆ ತೋರಸ್ತೇನಿ" ಎಂದು ಸಿಡುಕಿದ. ಆ ನಾಳೆ ಬರಲೇ ಇಲ್ಲ.

ಎರಡು ವರ್ಷದ ಹಿಂದೆ ಅವಳು, "ಕಣ್ಣಂಚಿಗೆ ಮಬ್ಬಾಗಾಕತ್ತೈತ್ರಿ" ಎಂದಳು.

"ಖಾರಕ್ಕ ಹಂಗ ಆಗತೈತಿ, ತಣ್ಣೀರ ಹಾಕ್ಕೋ" ಎಂದ ಈ ಮಹಾನುಭಾವ, ಬರೆಯುತ್ತಿದ್ದ ವಹಿಯಿಂದ ತಲೆ ಎತ್ತದೆ. ಬ್ಯಾಡಗಿಯಲ್ಲಿ ಯಾರ ಕಣ್ಣಿಗೆ ಏನೇ ಆದರೂ ತಪ್ಪು ಮೆಣಸಿನಕಾಯಿಯದೇ. ಕೊನೆಗೆ ಹಾವೇರಿಯ ಕಣ್ಣಿನ ಡಾಕ್ಟರು ನೋಡಿ, ಕಣ್ಣೊಳಗೆ ಒತ್ತಡ ಏರಿ ನರವೇ ಸತ್ತಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕರಬಸಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆ ಬಂತು. ಮುಗಿಲಿನ ಕಬ್ಬಿಣ ಎರಡು ಸೆಕೆಂಡು ಆಚೀಚೆಯಾದರೆ ಕಂಡಿತ್ತು. ಮನೆಯಲ್ಲಿದ್ದವಳು ದಿನಾ ಬಾಗಿಲಿಗೆ ಭುಜ ತಾಗಿಸಿಕೊಂಡು ಓಡಾಡಿದ್ದು ಕಂಡಿರಲಿಲ್ಲ.

ಈ ಕಾರ್ತಿಕದಲ್ಲಿ ಗಾಡಿ ಲೆಕ್ಕಕ್ಕಿಂತ ನಿಮಿಷಗಟ್ಟಲೆ ಮೊದಲು ಬರತೊಡಗಿತು. ಇನ್ನೆರಡು ದಿನವೂ ಅದು ಬಾಳುವುದಿಲ್ಲವೆಂದು ಕರಬಸಪ್ಪನಿಗೆ ತಿಳಿಯಿತು. ಅವಳಿಗೆ ತೋರಿಸದೆ ಅದು ಹೋಗಬಾರದೆನಿಸಿ, ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಪ್ರೇಮವ್ವ ಒಗೆದ ಸೀರೆ ಉಟ್ಟು ಬಂದಿದ್ದಳು.

"ಘಾಟ ಬರಬಾರದಂತ" ಎಂದಳು.

ದಕ್ಷಿಣಕ್ಕೆ ಗಾಡಿ ಕಾಣಿಸಿತು. "ಬಂತು ನೋಡ!" ಎಂದ. ಪ್ರೇಮವ್ವ ಉತ್ತರಕ್ಕೆ, ಬೀದಿದೀಪದ ಕಡೆಗೆ ಮುಖ ಎತ್ತಿದಳು. ಅವಳಿಗೆ ಕಂಡ ಬೆಳಕು ಅದೊಂದೇ.

"ಕಂಡ್ತ್ರಿ! ಎಷ್ಟ ಚಂದ ಐತಿ! ಆದ್ರ ನಿಮ್ಮ ಗಾಡಿ ಓಡತೈತಿ ಅಂತಿದ್ರಿ, ನಿಂತಬಿಟ್ಟೈತಲ್ಲ?"

ಕರಬಸಪ್ಪ ಆಕಾಶಕ್ಕೆ ಬೆನ್ನು ಮಾಡಿ ಅವಳ ಪಕ್ಕ ನಿಂತ. ಸ್ಟಾಪ್‌ವಾಚು ಕಿಸೆಯಲ್ಲೇ ಉಳಿಯಿತು.

"ಹೂಂ, ನಿನ್ನ ಸಲುವಾಗಿ ನಿಲ್ಲಿಸೇನಿ" ಎಂದ.