ದೋಣಿಗೆ ನೀರು ಕುಡಿಸಿದ ಮೋನಪ್ಪ

ಹೊಸ ಹಲಗೆ ಬಂದರೆ ಮೋನಪ್ಪ ಬಡಿಗೇರರು ಮೊದಲು ಅದಕ್ಕೆ ನೀರು ಕುಡಿಸುತ್ತಿದ್ದರು. ಬೆರಳು ಅದ್ದಿ ಒಂದು ಹನಿ ಬಿಟ್ಟು, ಅದು ಇಂಗುವವರೆಗೂ ಕುಕ್ಕರಗಾಲಲ್ಲಿ ಕೂತು ನೋಡುವರು. ಯಾರಾದರೂ ಮಾತಾಡಿಸಿದರೆ, "ಸುಮ್ಮ ಕುಂದ್ರಿ, ಕುಡೀಲಿಕತ್ತದ" ಎನ್ನುವರು. ಊಟಕ್ಕೆ ಕೂತ ಕೂಸಿನ ಬಗ್ಗೆ ಹೇಳಿದ ಹಾಗಿರುತ್ತಿತ್ತು ಆ ದನಿ.

ಚಿಮ್ಮನಚೋಡದ ಈ ಮನುಷ್ಯ ಎತ್ತಿನ ಬಂಡಿ ಮಾಡುವವರು. ಸಮುದ್ರ ಕಂಡವರಲ್ಲ, ಈಜು ಬಾರದು. ನಿಜಾಮರ ಕಾಲ ಅದು. ನಮ್ಮ ಜಾಗೀರದಾರ ಸಾಹೇಬರು ಮುಂಬಯಿಯಿಂದ ತಂದ ಒಂದು ಫೋಟೊ ತೋರಿಸಿ, ಕಾಗಿಣಾ ಹೊಳೆಯಲ್ಲಿ ವಿಹಾರಕ್ಕೆ ಇಂಥದೇ ಮೋಟಾರು ದೋಣಿ ಬೇಕೆಂದರು. ಮೇಲೆ ಪುಟ್ಟ ಕೋಣೆ, ಗಾಜಿನ ಕಿಟಕಿ, ಅಂಚಿಗೆ ಹಿಡಿದು ನಿಲ್ಲಲು ಹಿತ್ತಾಳೆಯ ಕಟಾಂಜನ. ಮೋನಪ್ಪ ಫೋಟೊ ತಲೆಕೆಳಗು ಮಾಡಿ ನೋಡಿ, "ದೋಣಿ ಹೊಟ್ಟಿನೇ ಕಾಣ್ಸಂಗಿಲ್ಲ. ಇರ್ಲಿ, ಮಾಡ್ತೀನ್ರಿ" ಎಂದರು.

ಮಾಡಿಯೂ ಮಾಡಿದರು. ಶಹಾಬಾದಿನ ಹತ್ತಿರ ಹೊಳೆದಂಡೆಯಲ್ಲಿ ಚಪ್ಪರ ಹಾಕಿ, ಜಾಲಿಯ ಬೊಡ್ಡೆಗಳಿಂದ ದೋಣಿಯ ಪಕ್ಕೆಲುಬು ಕೆತ್ತಿದರು. ಚಿಂಚೋಳಿ ಅಡವಿಯ ಸಾಗವಾನಿ ಹಲಗೆಗಳನ್ನು ಹಬೆಗೆ ಬಾಗಿಸಿ ತಾಮ್ರದ ಮೊಳೆ ಹೊಡೆದರು, ಸಂದಿಗೆ ಹತ್ತಿ ತುರುಕಿ ರಾಳ ಬಳಿದರು. ನಾನು ವಾಡಿ ರೈಲ್ವೆ ಶೆಡ್ಡಿನ ಫಿಟ್ಟರ್. ಸಾಹೇಬರ ಹಳೆಯ ಕಾರಿನ ಎಂಜಿನ್ ಅದರಲ್ಲಿ ಕೂಡಿಸುವ ಕೆಲಸ ನನ್ನದು.

"ಮೊದಲ ಮೂರು ದಿನ ನೀರಾಗ ಮುಳುಗಿಸಿ ಇಡಬೇಕು ಮಿಸ್ತ್ರಿ. ಎಂಜಿನ್ ಆಮ್ಯಾಲ" ಎಂದು ಮೋನಪ್ಪ ನನಗೆ ಹೇಳಿದ್ದರು. ಮುಳುಗಿಸಲು ಯಾರಾದರೂ ದೋಣಿ ಕಟ್ಟುತ್ತಾರೆಯೇ ಎಂದು ನಾನು ನಕ್ಕೆ. ಅವರು ಊರಿಗೆ ಹೋಗಿದ್ದಾಗ ಎಂಜಿನ್ ಕೂಡಿಸಿ, ದೋಣಿ ತಯಾರಾಯಿತೆಂದು ಸಾಹೇಬರಿಗೆ ಹೇಳಿಯೂ ಬಂದೆ.

ಮೋನಪ್ಪ ಮರಳಿ ಬರುವಷ್ಟರಲ್ಲಿ ಸಾಹೇಬರು ದಿನ ಗೊತ್ತುಮಾಡಿಬಿಟ್ಟಿದ್ದರು. ದೋಣಿ ನೀರಿಗೆ ಇಳಿಸಿದ ದಿನ ಊರೇ ದಂಡೆಯ ಮೇಲಿತ್ತು. ಸಂದಿಸಂದಿಯಿಂದ ನೀರು ಜಿನುಗಿ ಸಾಹೇಬರ ಬೂಟು ತೊಯ್ದವು. ನಾಳೆಯೇ ಇದನ್ನು ಕಡಿದು ಒಲೆಗೆ ಹಾಕಿರೆಂದು ಹುಕುಂ ಆಯಿತು. "ಈತಗ ತಲಿ ಸರಿ ಇಲ್ರಿ, ಮೊದಲೇ ಮುಳುಗಿಸೋ ಮಾತು ಆಡ್ಲಿಕತ್ತಿದ್ದ" ಎಂದು ನಾನೂ ಎಲ್ಲರೆದುರು ಹೇಳಿದೆ. ತಪ್ಪು ನನ್ನ ಮೈಮೇಲೆ ಬರದಿರಲೆಂದು ಹೇಳಿದ ಮಾತು ಅದು.

ಮೋನಪ್ಪ ನನ್ನ ಕಡೆ ನೋಡಲೂ ಇಲ್ಲ. "ಐದು ದಿನ ಕೊಡ್ರಿ ಸರ್ಕಾರ್. ಅದಕ್ಕ ಭಾಳ ನೀರಡಿಕಿ ಆಗ್ಯಾದ. ಬ್ಯಾಸಿಗ್ಯಾಗ ಬಂಡಿ ಗಾಲಿ ಸಡ್ಲಾದ್ರ ಹೊಳಿಯಾಗ ಹಾಕಂಗಿಲ್ಲೇನ್ರಿ? ಕಟಗಿ ಉಬ್ಬಿ ತಾನೇ ಬಿಗೀತದ. ಆಮ್ಯಾಲ ಒಂದು ಹನಿ ಬಂದ್ರೂ ನಾನೇ ಕೊಡ್ಲಿ ಹಾಕ್ತೀನಿ."

ಸಾಹೇಬರು ಐದು ದಿನ ಕೊಟ್ಟರು. ನಾನು ಎಂಜಿನ್ ಬಿಚ್ಚಿದೆ. ಅವರು ಫರಸಿ ಕಲ್ಲು ಹೇರಿ ದೋಣಿ ಮುಳುಗಿಸಿದರು. ಮೂರು ದಿನ ಹೊಟ್ಟೆತುಂಬ ರೊಟ್ಟಿ ತಿಂದು ನಿಶ್ಚಿಂತೆಯಿಂದ ಗೊರಕೆ ಹೊಡೆದರು. ನಿದ್ದೆ ಬಾರದವನು ನಾನು.

ನಾಲ್ಕನೆಯ ದಿನ ಕಲ್ಲು ತೆಗೆದು, ನೀರು ಮೊಗೆದು ತೇಲಿಸಿ, ಒಳಗೆಲ್ಲ ಬಿಸಿಲಿಗೆ ಆರಲು ಬಿಟ್ಟೆವು. ಐದನೆಯ ದಿನ ಬೆಳಿಗ್ಗೆ ಈಜು ಬಾರದ ಆ ಮನುಷ್ಯ ಒಗೆದ ಬಿಳಿ ಧೋತರ ಉಟ್ಟು ಬಂದು, ದೋಣಿಯ ತಳದಲ್ಲಿ ಚಕ್ಕಳಬಕ್ಕಳ ಹಾಕಿ ಕೂತರು. ಸಾಹೇಬರು ನಾಷ್ಟಾ ಮುಗಿಸಿ ಬರುವವರೆಗೂ ಏಳಲಿಲ್ಲ. ಬಂದ ಮೇಲೆ ಎದ್ದು, ಅವರಿಗೆ ಬೆನ್ನು ತಿರುಗಿಸಿ ನಿಂತು, "ನೋಡ್ರಿ ಸರ್ಕಾರ್" ಎಂದರು. ಧೋತರದ ಹಿಂದೆ ಒಂದೂ ತೇವದ ಕಲೆ ಇರಲಿಲ್ಲ. ಜಾಗೀರದಾರರಿಗೆ ಹಾಗೆ ಬೆನ್ನು ತೋರಿಸಿ ಬದುಕಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಸಾಹೇಬರೇ ನಕ್ಕುಬಿಟ್ಟರು.

ಸಂಜೆಗೆ ಎಂಜಿನ್ ಕೂಡಿಸಿ ಚಾಲೂ ಮಾಡಿದೆ. ಮೋನಪ್ಪ ಹತ್ತಲಿಲ್ಲ, ದಂಡೆಯಲ್ಲೇ ನಿಂತರು. "ತಪ್ಪಾತು ಮೋನಪ್ಪಣ್ಣ" ಎಂದು ಕೂಗಿದೆ. ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ಏನೆಂದು ಕೇಳಿದರು. ಸಾಹೇಬರು ಮುಂದೆ ನಡೆಸು ಎಂದು ಸನ್ನೆ ಮಾಡಿದರು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಬರುವಷ್ಟರಲ್ಲಿ ಅವರು ತಮ್ಮ ಬಾಚಿ-ಉಳಿ ಕಟ್ಟಿಕೊಂಡು ಊರಿನ ಬಂಡಿ ಹತ್ತಿಬಿಟ್ಟಿದ್ದರು.

ಇವತ್ತು ನಾಳೆ ಎನ್ನುತ್ತ ನಾನು ಅವರ ಊರಿಗೆ ಹೋಗಲೇ ಇಲ್ಲ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅದೇ ದೋಣಿಯಲ್ಲಿದ್ದೆ, ಅತ್ತುಬಿಟ್ಟೆ. ಅವತ್ತು ಒಂದು ಗಳಿಗೆ ಎಂಜಿನ್ ಬಂದ್ ಮಾಡಿದ್ದರೆ ಅವರಿಗೆ ಕೇಳಿಸುತ್ತಿತ್ತು.